ಯಾದಿ

ಬಿಸಿಯೂಟದ ತಟ್ಟೆಗಳು ತೊಳೆದಾದ ಮೇಲೆ
ನನ್ನ ಪಾಲಿಗೆ ನಾಲ್ಕು ಮಂದಿ.
ಕ್ಲಾಸಿನಲ್ಲಿ ಜಾಗವಿಲ್ಲ. ಅಕ್ಕಿ ಚೀಲದ ಕೋಣೆಯ ಹೊರಗೆ,
ಮೆಟ್ಟಿಲ ಕೆಳಗೆ, ಒಂದು ಚಾಪೆ, ಮೂಲೆ ಒಡೆದ ಹಲಗೆ.
ಪಾಠಯೋಜನೆಯಲ್ಲಿ ಇದರ ಹೆಸರು ಪರಿಹಾರ ಬೋಧನೆ.
ಉದ್ದೇಶ ಎಂಬ ಕಾಲಂನಲ್ಲಿ ನಾನೇ ಬರೆದಿದ್ದೆ,
ಸ್ಕೇಲು ಹಿಡಿದು ಕೆಳಗೆ ಗೆರೆ ಎಳೆದು:
ಶುದ್ಧ ಉಚ್ಚಾರ.

ಬರೆಯುವಾಗ ಕೈ ಸ್ವಲ್ಪ ನಿಂತದ್ದು ನಿಜ.
ಬಿ.ಎಡ್. ಸೇರಿದ ದಿನ ಮೈಸೂರು ಕಡೆಯ ಮೇಡಂ ಒಬ್ಬರು
ನನ್ನ ಪರಿಚಯ ಕೇಳಿ ನಕ್ಕಿದ್ದರು, ಕೆಟ್ಟದಾಗಿ ಅಲ್ಲ:
‘ಬೀದರದ್ದು ಕನ್ನಡಾನಾ, ಬೇರೆ ಏನಾದ್ರೂನಾ?’
ಅವತ್ತಿನಿಂದ ‘ಹೋಗಲತ್ತೀನಿ’ಯನ್ನು
‘ಹೋಗುತ್ತಿದ್ದೇನೆ’ ಎಂಬ ಇಸ್ತ್ರಿ ಅಂಗಿಯೊಳಗೆ ತುರುಕಿ
ಕಾಲೇಜಿಗೆ ಹೋಗುತ್ತಿದ್ದೇನೆ.

ಧನಾಜಿಯ ಮನೆಯಲ್ಲಿ ಮರಾಠಿ. ಕನ್ನಡ ಬಡಬಡ ಓದುತ್ತಾನೆ,
ಏನು ಓದಿದೆ ಎಂದರೆ ಗೋಡೆ ನೋಡುತ್ತಾನೆ.
ಎಸ್ತೇರ್ ಜಹೀರಾಬಾದಿನ ಕಡೆಯವಳು,
ನಮ್ಮ ಅಕ್ಷರಕ್ಕೆಲ್ಲ ತೆಲುಗಿನ ತಲೆಕಟ್ಟು ಹಾಕುತ್ತಾಳೆ.
ಮುದಸ್ಸಿರ್, ಚಿದ್ರಿ ರಸ್ತೆಯ ವೆಲ್ಡಿಂಗ್ ಅಂಗಡಿಯವರ ಮಗ,
ಅವನ ನಾಲಿಗೆಗೆ ‘ಳ’ ಹತ್ತುವುದಿಲ್ಲ.
‘ಕಥೆ ಹೇಳು’ ಎಂಬುದನ್ನು ಅವನು ಓದಿದ ದಿನ
ಇಡೀ ಐದನೇ ತರಗತಿ ಮೂಗು ಮುಚ್ಚಿಕೊಂಡಿತ್ತಂತೆ.
ಆಮೇಲೆ ಅವನು ಓದುವುದನ್ನೇ ಬಿಟ್ಟ.

ಮತ್ತೆ ಜಮುನಾ. ತಾಂಡಾದವಳು.
ತಪ್ಪು ಮಾಡುವುದಿಲ್ಲ,
ಯಾಕೆಂದರೆ ಬಾಯಿ ಬಿಡುವುದಿಲ್ಲ.

ನಾಲಿಗೆ ಮಡಚು, ಮೇಲಕ್ಕೆ, ಅಂಗುಳಕ್ಕೆ ತಾಗಿಸಿ ಬಿಡು.
‘ಬಾಲೆ.’
ಇನ್ನೊಮ್ಮೆ.
‘ಬಾಲೆ. ಹಣ್ಣು ತಿನ್ಲಕ್ಕ ಬರ್ತದ ಮೇಡಂ, ಅನ್ಲಕ್ಕ ಬರಲ್ಲ.’

ಒಂದು ದಿನ ನಾನು ಹೆಸರು ಕೂಗುವಾಗ ಅವನೇ ಅಂದ:
‘ಹಾಜರಿ ನಮ್ಮ ಮಾತು.’
ರಜಾ? ಅದೂ. ತಾರೀಖು? ಅದೂ.
ಅರ್ಜಿ, ಜಮೀನು, ದಾಖಲೆ...
ಪಠ್ಯಪುಸ್ತಕವನ್ನು ಹೇನು ನೋಡುವ ಹಾಗೆ ಬಿಡಿಸಿ ಬಿಡಿಸಿ ಹುಡುಕಿದ,
ಸಿಕ್ಕಿದ್ದಕ್ಕೆಲ್ಲ ಪೆನ್ಸಿಲಿನ ಚುಕ್ಕಿ.
ಧನಾಜಿಗೆ ಗಾಡಿ ಸಿಕ್ಕಿತು.
ಎಸ್ತೇರಳಿಗೆ ಊರು ಸಿಕ್ಕಿತು.
ವೀಕ್ಷಣೆಗೆ ಬಂದ ಶಾಂತಮಲ್ಲಪ್ಪ ಸರ್ ಹಿಂದೆ ನಿಂತು
ಹಸಿರು ಇಂಕಿನಲ್ಲಿ ಬರೆದರು: ವಿಷಯಾಂತರ.

ಆಗ ಸೆರಗು ಜಗ್ಗಿದಂತಾಯಿತು.
‘ನಮ್ದು?’

ಪುಟ ತಿರುವಿದೆ. ಹಿಂದಿನಿಂದ ಮುಂದಕ್ಕೂ ತಿರುವಿದೆ.
ನೂರಾ ಮೂವತ್ತೆರಡು ಪುಟ.
ಇಲ್ಲ ಎನ್ನಲು ಬಾಯಿ ಬರದೆ
ನೀನೇ ಒಂದು ಕೊಡು ಅಂದೆ, ನಾವೇ ಸೇರಿಸೋಣ.
ಅವ್ವಗ ಏನಂತೀರಿ ನೀವು?
ಅವಳು ಅಂದಳು. ಕೇಳಿದ ಹಾಗೆ ಬರೆದೆ,
ಹಲಗೆಯ ಮೇಲೆ, ದುಂಡಗೆ:
ಯಾದಿ.

ಜಮುನಾ ನಕ್ಕಳು. ಆರು ವಾರದಲ್ಲಿ ಮೊದಲ ಸಲ.
‘ಯಾದಿ ಅಲ್ರಿ, ಯಾಡಿ. ನಾಲಿಗಿ ಮಡಚ್ರಿ ಮೇಡಂ.’
ಎಲ್ಲರಿಗಿಂತ ಜೋರಾಗಿ ನಕ್ಕವನು ಮುದಸ್ಸಿರ್.

ನಮ್ಮ ಮನೆಯಲ್ಲಿ ಯಾದಿ ಎಂದರೆ
ಕಿರಾಣಿ ಅಂಗಡಿಗೆ ಒಯ್ಯುವ ಚೀಟಿ:
ತೊಗರಿ ಬ್ಯಾಳಿ ಎರಡು ಕಿಲೋ, ಸಾಬೂನು, ಬೆಲ್ಲ.
ಅವಳ ತಾಯಿಯನ್ನು ಅದರೊಳಗೆ ಬರೆದಿಟ್ಟಿದ್ದೆ.
ಒರೆಸಿದೆ. ‘ಡ’ ತಿದ್ದಿದೆ. ಬೆರಳಿಗೆ ಸುಣ್ಣ ಹತ್ತಿತು.

ದೀಪಾವಳಿ ರಜೆ ಮುಗಿದ ಸೋಮವಾರ
ಜಮುನಾ ರಾಠೋಡ, ಎಂದು ಕರೆದೆ.
ಇನ್ನೊಮ್ಮೆ ಕರೆದೆ.
ಚಾಪೆಯ ಮೇಲೆ ಅವಳ ಜಾಗದಲ್ಲಿ ಎಸ್ತೇರಳ ಚೀಲ.
ಮುದಸ್ಸಿರ್ ಎದ್ದು ನಿಂತ:
‘ಕಬ್ಬು ಕಡೀಲಕ್ಕ ಮೇಡಂ, ಸಾತಾರಾ ಕಡಿ.
ಯಾಡಿ ಸಂಗಟ ಹೋಗ್ಯಾಳ.’

ಯಾಡಿಯ ಜೊತೆ ಹೋದಳು. ಯಾದಿಯಲ್ಲಿ ಉಳಿದಳು.
ಅವಳ ಹೆಸರಿನ ಮುಂದೆ ಏನೂ ಹಾಕದೆ
ಪುಸ್ತಕ ಮುಚ್ಚಿದೆ, ಯಾರಾದರೂ ಕೇಳಿಯಾರು.

ರಾತ್ರಿ ಹಾಸ್ಟೆಲಿನಲ್ಲಿ ಊಟಕ್ಕೆ ಕೂತು
ರೊಟ್ಟಿ ಮುರಿಯುವಾಗ ಹೊಳೆಯಿತು.
ಹೋಗ್ಯಾಳ ಅಂದಿದ್ದ.
ಹೋಗ್ಯಾಲ ಅನ್ನಲಿಲ್ಲ.