ಒಂದೂವರೆ ಮನೆ

ದೊಡ್ಡ ಗಡಿಯಾರದ ಹಿಂದಿನ ಗಲ್ಲಿಯಲ್ಲಿ
ಎಂಟುನೂರಕ್ಕೆ ಸಿಕ್ಕಿತು, ಹಳೇ ಶ್ರುತಿಪೆಟ್ಟಿಗೆ.
ಮೇಲೆ ಇನ್ಯಾರದೋ ಪೂಜೆಯ ಕುಂಕುಮದ ಕಲೆ,
ತಿರುಗಿಸುವ ಗುಂಡಿ ಕೊಂಚ ಸಡಿಲ.
"ನಿಮ್ಮದು ಎಷ್ಟು ಮನೆ ಶ್ರುತಿ ಸ್ವಾಮಿ?" ಎಂದ ಅಂಗಡಿಯವನು.
ನಾನು ಬಾಡಿಗೆ ಮನೆಯ ಲೆಕ್ಕ ಕೊಟ್ಟೆ:
"ಒಂದು ರೂಮು, ಅರ್ಧ ಅಡುಗೆಮನೆ."
"ಹಾಗಾದರೆ ಒಂದೂವರೆ" ಎಂದು ನಗದೆ ತಿರುಗಿಸಿದ,
ಗುರುತಿಗೆ ಬಿಳಿ ಪೇಂಟಿನ ಚುಕ್ಕಿ ಇಟ್ಟ.

ರೋಹಿಣಿಗೆ ಚೆಲುವಾಂಬದಲ್ಲಿ ನೈಟ್ ಡ್ಯೂಟಿ.
ಅಲ್ಲಿ ಯಾರೋ ಡಾಕ್ಟರಮ್ಮ ಅಂದರಂತೆ,
ಕೂಸಿಗೆ ಸಂಗೀತ ಕೇಳಿಸಿ, ಬುದ್ಧಿ ಚುರುಕಾಗುತ್ತೆ.
ಬುದ್ಧಿ ಅದರ ಪಾಡಿಗೆ ಬರಲಿ ಬಿಡು ಎಂದೆ,
ಆದರೂ ಹಚ್ಚಿದೆ. ಪೆಟ್ಟಿಗೆಯಲ್ಲಿ ಶ್ರುತಿ, ಮೊಬೈಲಿನಲ್ಲಿ ರಾಗ.
ಸೋಮವಾರ ತೋಡಿ: ಕೂಸು ವೈರು ಕಚ್ಚಿತು.
ಬುಧವಾರ ಕಲ್ಯಾಣಿ: ಚಡ್ಡಿ ಒದ್ದೆ.
ಆಲಾಪನೆಗೆ ಆಕಳಿಕೆ, ಮೃದಂಗದ ತನಿಗೆ ಗಾಢ ನಿದ್ದೆ.
ಕುಕ್ಕರು ಕೂಗಿದರೆ ಮಾತ್ರ
ಎರಡೂ ಕೈ ಎತ್ತಿ ಶಭಾಷ್.

ನನಗೂ ಇದರ ಗಂಧವಿಲ್ಲ.
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿ ತಟ್ಟುವವನು ನಾನು.
ಸುತ್ತಿಗೆ ತಾಗಿಸಿದರೆ ಟಣ್ ಎಂದು
ಉದ್ದಕ್ಕೆ ಹೋದರೆ ಗಾಲಿ ಗಟ್ಟಿ,
ಡಬ್ ಎಂದು ಅಲ್ಲೇ ಕೂತರೆ ಒಳಗೆಲ್ಲೋ ಬಿರುಕು.
ಹದಿನಾಲ್ಕು ವರ್ಷದಿಂದ ಇವೆರಡೇ ಸ್ವರ.

ನಮ್ಮಪ್ಪನಿಗೆ ಸ್ವಲ್ಪ ಗೊತ್ತಿತ್ತು, ಹೊರಗಿನಿಂದ.
ರಾಮೋತ್ಸವದ ಪೆಂಡಾಲಿಗೆ ಗಳ ನೆಡುವ ಕೆಲಸ.
ಕಛೇರಿ ಶುರುವಾದ ಮೇಲೂ ತೆಂಗಿನ ಗರಿಯ ಆಚೆ
ತಾನೇ ಕಟ್ಟಿದ ಹಗ್ಗ ಹಿಡಿದು ನಿಂತಿರುತ್ತಿದ್ದ.
ಒಳಗೆ ಬಾ ಅಂದವರಿಲ್ಲ, ಹೋಗು ಅಂದವರೂ ಇಲ್ಲ.
ಗಾಳಿ ಎದ್ದರೆ ಹಗ್ಗಕ್ಕೊಬ್ಬ ಬೇಕಲ್ಲ.
ರಾಗಗಳ ಹೆಸರು ತಿಳಿಯದು.
ಹನ್ನೊಂದಕ್ಕೆ ಮನೆಗೆ ಬಂದು
"ಇವತ್ತಿನದು ಹಸಿ ಕೊತ್ತಂಬರಿ ಥರ ಇತ್ತು,
ನಿನ್ನೆಯದು ಟ್ರಂಕಿನಲ್ಲಿ ಮಡಿಸಿಟ್ಟ ಸೀರೆ" ಎನ್ನುತ್ತಿದ್ದ.
ಅವ್ವ ಮುದ್ದೆ ಇಕ್ಕುತ್ತಾ
"ಸಾರಿಗೆ ಉಪ್ಪು ಸಾಕಾ ನೋಡು" ಎನ್ನುತ್ತಿದ್ದಳು.
ಆ ಕೊತ್ತಂಬರಿ ರಾಗ ಯಾವುದೆಂದು
ಇವತ್ತಿಗೂ ಹುಡುಕುತ್ತಿದ್ದೇನೆ.
ಕೂಸು ಒಂದು ನೆಪ.

ಮೊನ್ನೆ ರಾತ್ರಿ ಒಂಬತ್ತೂಕಾಲು.
ಹಾಡು ಇಲ್ಲ, ಮೂಲೆಯಲ್ಲಿ ಪೆಟ್ಟಿಗೆ ಮಾತ್ರ
ಸ ಪ ಸ, ಸ ಪ ಸ ಎಂದು ಮೆಲುಕು ಹಾಕುತ್ತಿತ್ತು.
ಸುಮೇಧಾ ರಾಗಿ ಡಬ್ಬಿಯ ಮುಚ್ಚಳದ ಜೊತೆ ಜಗಳಕ್ಕಿದ್ದಳು.
ಕರೆಂಟು ಹೋಯಿತು.
ಫ್ಯಾನು, ಎದುರುಮನೆ ಟೀವಿ, ಹಿಂದಿನ ಬೀದಿಯ ಗಿರಣಿ,
ಒಂದಾದಮೇಲೊಂದು ಬಾಯಿ ಮುಚ್ಚಿದವು.
ಅತ್ತಾಳು ಎಂದು ಟಾರ್ಚು ಹಾಕಿದರೆ
ಅಳು ಇಲ್ಲ. ಮುಚ್ಚಳ ಕೆಳಗೆ.
ನನ್ನ ಕಡೆಗೂ ಅಲ್ಲ, ಬೆಳಕಿನ ಕಡೆಗೂ ಅಲ್ಲ,
ಮೂಲೆಗೆ ಮುಖ ಮಾಡಿ ಕೂತಿದ್ದಾಳೆ,
ಕತ್ತು ಓರೆ.
"ಊಂ?" ಎಂದಳು ಪೆಟ್ಟಿಗೆಗೆ.

ಎರಡು ತಿಂಗಳಿಂದ ಕೇಳುತ್ತಲೇ ಇದ್ದಳು ಹಾಗಾದರೆ,
ವೈರು ಕಚ್ಚುವಾಗಲೂ.

ಮತ್ತೆ "ಊಂ?"
ಉತ್ತರ ಕೊಡಲು ಮನೆಯಲ್ಲಿ ನಾನೊಬ್ಬನೇ.
ಕೆಮ್ಮಿ, ಕಣ್ಣು ಮುಚ್ಚಿ, ಒಂದು ಸ ಹಿಡಿದೆ.
ಒಂದೂವರೆ ಅಲ್ಲ; ಒಂದೂಕಾಲೋ ಮುಕ್ಕಾಲೋ,
ಬಿಳಿ ಚುಕ್ಕಿಗೆ ಸಿಗದ ಯಾವುದೋ ಸಂದಿಯದು.
ತೆವಳಿ ಬಂದಳು. ಎದೆ ಹತ್ತಿದಳು.
ರಾಗಿ ಅಂಟಿದ ಅಂಗೈಯಿಂದ
ನನ್ನ ಗಂಟಲ ಗುಳಿಯನ್ನು ಎರಡು ಸಲ ತಟ್ಟಿದಳು.
ಟಣ್ ಅಂದಿತೋ ಡಬ್ ಅಂದಿತೋ ಅವಳಿಗೇ ಗೊತ್ತು.
ಕೈ ಮಾತ್ರ ತೆಗೆಯಲಿಲ್ಲ.

ಕರೆಂಟು ಬಂತು. ತಾನೇ ಸರಿ ಎಂಬಂತೆ
ಪೆಟ್ಟಿಗೆ ಮತ್ತೆ ಶುರುಮಾಡಿತು.
ನಾಚಿಕೆಯಾಗಿ ನಿಲ್ಲಿಸಲು ಹೋದೆ,
ಗಂಟಲು ಒತ್ತಿದಳು.
ಬಿಡಲಿಲ್ಲ ನಾನೂ.
ಅದರದೊಂದು ಸ, ನನ್ನದೊಂದು ಸ,
ನಡುವೆ ಬೆರಳಷ್ಟು ಸಂದು.
ಅಲ್ಲಿ ಕೂತು, ಇನ್ನೊಂದು ಕೈಯಲ್ಲಿ ಮುಚ್ಚಳ ಎಳೆದುಕೊಂಡು,
ನೆಲಕ್ಕೆ ಬಡಿಯತೊಡಗಿದಳು.