ನೆರಳಿಗೆ ಹಿಡಿದು ನೋಡು

ಇಲಾಖೆಯ ಜೀಪು ನನ್ನನ್ನು ಇಳಿಸಿ ಹೋದದ್ದು
ಕೂಡಲಿಯಿಂದ ಮೂರು ಮೈಲಿ ಕೆಳಗೆ, ಹೊಳೆ ಎಡಕ್ಕೆ ಹೊರಳುವಲ್ಲಿ.
ಕೈಯಲ್ಲಿ ನಕ್ಷೆ, ಹೆಗಲಲ್ಲಿ ಜರಡಿ,
ಹೊಸ ಬೂಟು, ಆರು ತಿಂಗಳ ನೌಕರಿ.
ಫೆಬ್ರವರಿ. ಮಂಡಿಯುದ್ದ ನೀರು.

ಹಾಲವ್ವ ಆಗಲೇ ಕೂತಿದ್ದಳು,
ತೊಡೆಯ ಮೇಲೆ ಮರಿಗೆ,
ಅವಳಜ್ಜನ ಕಾಲದ್ದು, ಹಲಸಿನ ಮರದ್ದು,
ತಳ ಸವೆದು ಬೆರಳು ತಾಗಿದರೆ ತಮಟೆಯ ಸದ್ದು.
"ಎಲ್ಲಿ ಅಗೆಯಲಿ?" ಎಂದೆ.
ನಕ್ಷೆಯತ್ತ ನೋಡಲೂ ಇಲ್ಲ.

"ನೀರು ಎಲ್ಲಿ ಸುಸ್ತಾಗ್ತದೋ ಅಲ್ಲಿ.
ಓಡೋ ಹೊಳೆ ಏನನ್ನೂ ಬಿಟ್ಟುಕೊಡಲ್ಲ.
ತಿರುವಿನ ಒಳಮಗ್ಗುಲು, ಬಂಡೆಯ ಬೆನ್ನ ಹಿಂದೆ,
ಹುಲ್ಲಿನ ಬೇರಿನ ಸಿಕ್ಕು...
ಸಂತೆಯಿಂದ ನಡೆದು ಬಂದೋಳು
ಮೊದಲು ಕೆಳಗಿಡೋದು ಯಾವ ಚೀಲ, ನೀನೇ ಹೇಳು."

ಮೇಲಿನ ಮರಳು ಬರೀ ಮರಳು.
ಮೊಳದಷ್ಟು ಸರಿಸಿದರೆ ಗರಸು,
ಅದರಡಿ ಮೊಟ್ಟೆಗಾತ್ರದ ಬೆಣಚುಕಲ್ಲು,
ಅದರಡಿ ಹಾಸುಬಂಡೆ, ಹಾಸುಬಂಡೆಯ ಬಿರುಕು.
ಬಿರುಕಿನ ಕೆಸರನ್ನು ಅವಳು ಕೆರೆದದ್ದು
ಕೊಡೆಯ ಕಡ್ಡಿ ಬಗ್ಗಿಸಿದ ಕೊಕ್ಕೆಯಿಂದ,
ಕೂಸಿನ ಕಿವಿಯ ಗುಗ್ಗೆ ತೆಗೆಯುವಷ್ಟು ಮೆತ್ತಗೆ.

ಆಮೇಲೆ ಮರಿಗೆ ನೀರಿಗೆ.
ಒಂದು ಕುಲುಕು, ಒಂದು ವಾಲು, ಒಂದು ಸುತ್ತು.
ಕೆಸರು ಹಾಲು ಹಾಕಿದ ಚಹಾದಂತೆ ಹರಿದುಹೋಯಿತು.
ಕಲ್ಲು ಹೆಕ್ಕಿ ಎಸೆದಳು.
ಮರಳು ಅಂಚು ದಾಟಿ, ದಾಟಿ,
ಕೊನೆಗೆ ಉಳಿದದ್ದು ಕಪ್ಪು ಮರಳು,
ಕಾಡಿಗೆಯ ಒಂದು ಗೀಟು.
ನಾನು ಅಯಸ್ಕಾಂತ ತೆಗೆದೆ. ಅರ್ಧ ಕಪ್ಪು ಎದ್ದು ಅಂಟಿಕೊಂಡಿತು.
ಅವಳಿಗೆ ಬಲು ಖುಷಿ:
"ಇದೊಂದು ನಿಮ್ಮ ಸರಕಾರದ್ದು ಒಳ್ಳೇ ಸಾಮಾನು."

ಅಷ್ಟರಲ್ಲಿ ಏನೋ ಹೊಳೆಯಿತು. "ಸಿಕ್ತು!" ಅಂದೆ.
ಅಂದೆನೆಲ್ಲಿ, ಕೂಗಿದೆ; ಆಚೆ ದಡದ ಎಮ್ಮೆ ತಲೆಯೆತ್ತಿತು.
ಹಾಲವ್ವ ಮರಿಗೆಯ ಮೇಲೆ ಸೆರಗು ಚಾಚಿ
ಬಿಸಿಲು ತಡೆದಳು.
ಹೊಳೆದದ್ದು ಆರಿತು.
"ಕಾಗೆಬಂಗಾರ.
ಬಿಸಿಲಿದ್ರೆ ಕರೀತದೆ, ಮೋಡ ಬಂದ್ರೆ ಮನೇಲಿರಲ್ಲ.
ಚಿನ್ನ ಹೊಳಿಯಲ್ಲಪ್ಪ, ಹಳದಿಯಾಗಿರ್ತದೆ, ಅಷ್ಟೇ.
ನೆರಳಿಗೆ ಹಿಡಿದು ನೋಡು."

ಸೆರಗಿನ ನೆರಳಲ್ಲಿ, ಕಪ್ಪಿನ ತುದಿಯಲ್ಲಿ
ಮೂರು ಚುಕ್ಕಿ, ರಾಗಿಗಿಂತ ಸಣ್ಣವು.
ಸುಮ್ಮನಿದ್ದವು.

ಸಂಜೆ ಶಾಯಿ ಸೀಸೆಯಿಂದ ಪಾದರಸದ ಹನಿ,
ಹಳೇ ಪಂಚೆಯ ಚೂರಿನಲ್ಲಿ ಹಿಂಡುವುದು,
ಇದ್ದಿಲ ಮೇಲೆ ಸುಡುವುದು.
ದೂರ ಕೂರು ಎಂದೆ. ಎಲ್ಲಿ ಕೇಳುತ್ತಾಳೆ.
ನಲವತ್ತು ವರ್ಷ ಅದೇ ಹೊಗೆ ಕುಡಿದ ಕೈ
ಎಲೆಗೆ ಸುಣ್ಣ ಹಚ್ಚುವಾಗ ನಡುಗುತ್ತಿತ್ತು,
ಬೀಗ ತೆರೆಯುವಾಗ ನಡುಗುತ್ತಿತ್ತು,
ಮರಿಗೆ ಹಿಡಿದರೆ ಮಾತ್ರ ಇಲ್ಲ.

ಮೂರು ದಿನಕ್ಕೆ ಅರ್ಧ ಗುಲಗಂಜಿ.
ವರದಿಯಲ್ಲಿ ಬರೆದೆ: ಲಾಭದಾಯಕವಲ್ಲ.
ಓದಿ ಹೇಳಿದಾಗ ನಕ್ಕಳು.
"ಲಾಭ ಅಂತ ಯಾರಂದ್ರು? ದಿನದ ಅಕ್ಕಿ ಅಂತ ಬರಿ."
ನಮೂನೆಯಲ್ಲಿ ಆ ಕಾಲಂ ಇರಲಿಲ್ಲ.

ವರದಿ ಕಪಾಟು ಸೇರಿತು. ಹೊಳೆ ಲಾರಿ ಹತ್ತಿತು,
ಮರಳು, ಗರಸು, ದಣಿದ ನೀರು ಇಳಿಸಿಟ್ಟದ್ದೆಲ್ಲ,
ಯಾರೂ ಸೆರಗು ಅಡ್ಡ ಹಿಡಿಯದೆ.
ಆ ಮರಿಗೆ ಈಗ ಯಾರ ಮನೆಯಲ್ಲೋ.
ರೊಟ್ಟಿಯ ಹಿಟ್ಟು ಕಲಸುತ್ತಿರಬಹುದು.

ವಿನೋಬನಗರದ ನನ್ನ ಮನೆಗೆ ಹನ್ನೊಂದು ಲೋಡು.
"ತಿರುವಿನ ಮರಳು ಸಾರ್, ಒಂದನೇ ನಂಬರ್,"
ಎಂದ ಡ್ರೈವರ್, ಹಿಂಬದಿ ಬಾಗಿಲು ಬಿಚ್ಚುತ್ತಾ.
ಯಾವ ತಿರುವು ಎಂದು ನಾನು ಕೇಳಲಿಲ್ಲ.

ಮೆಟ್ಟಿಲ ಪಕ್ಕದ ಗೋಡೆಗೆ ಇನ್ನೂ ಬಣ್ಣ ಬಳಿದಿಲ್ಲ.
ಹೆಂಡತಿ ಕೇಳುತ್ತಾಳೆ, ಬರುವ ತಿಂಗಳು ಎನ್ನುತ್ತೇನೆ.
ಐದು ಗಂಟೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು
ಗಿಲಾವಿನ ತುಂಬ ಚುಕ್ಕಿ ಚುಕ್ಕಿ ಹೊಳೆದಾಗ
ಎದ್ದು ಹೋಗಿ ಪರದೆ ಎಳೆಯುತ್ತೇನೆ,
ಕನ್ನಡಕ ಒರೆಸಿಕೊಂಡು
ಗೋಡೆಯ ಹತ್ತಿರ, ತೀರಾ ಹತ್ತಿರ ನಿಲ್ಲುತ್ತೇನೆ.