ಮೂರನೇ ಬೋಲ್ಟು

ಕುಹ್ಮೊದಲ್ಲಿ ಅಕ್ಟೋಬರ್ ಕೊನೆ.
ಅಂಗಳದ ಕೊಚ್ಚೆಗೆ ಬೆಳಗಾದರೆ ಗಾಜಿನ ಪೊರೆ.
ಹಿಲ್ಯಾ ಶೆಡ್ಡಿನಿಂದ ಟೈರು ಉರುಳಿಸಿ ತಂದಳು, ಒಂದೊಂದೇ.
ಮೈತುಂಬ ಉಕ್ಕಿನ ಮೊಳೆ, ಹಲ್ಲು ಮೂಡಿದ ಕೂಸಿನ ಹಾಗೆ
ಸಿಕ್ಕಿದ್ದನ್ನೆಲ್ಲ ಕಚ್ಚುವಂಥವು.

ಕಾರು ಚಿಕ್ಕದು, ಹಸಿರು, ಸೆಕೆಂಡ್ ಹ್ಯಾಂಡು.
ಮಾರಿದವನ ಮುಖ ಕಂಡವಳಲ್ಲ,
ಕಾಗದದಲ್ಲೊಂದು ಹೆಸರು, ಅಷ್ಟೆ.
ಟೈರಿನ ಪಕ್ಕೆಯಲ್ಲಿ ಮಾತ್ರ ಅವನ ಸೀಮೆಸುಣ್ಣ:
ಎಡ ಮುಂದೆ. ಎಡ ಹಿಂದೆ. ಬಲ ಮುಂದೆ.
ನಾಲ್ಕನೆಯದಕ್ಕೆ ಒಂದು ಸಾಲು ಹೆಚ್ಚು:
"ಇಲ್ಲಿ ಮೂರನೇ ಬೋಲ್ಟು ಹಟಮಾರಿ. ಬೈಯಬೇಡಿ, ಕಾಯಿರಿ."

ಮೂರು ಚಕ್ರ ಮುಗಿಯುವಾಗ ಮೂರು ಗಂಟೆ,
ಬೆಳಕು ಆಗಲೇ ಗಂಟುಮೂಟೆ ಕಟ್ಟುತ್ತಿತ್ತು.
ಜಾಕು ಎತ್ತುವ ಮುಂಚೆ
ಸ್ಪ್ಯಾನರಿನ ಮೇಲೆ ನಿಂತಳು, ಎರಡೂ ಕಾಲಲ್ಲಿ.
ಕುಣಿದಳು. ಬೈದಳು, ಬಂದಷ್ಟೂ,
ಗಡಿಯಾಚೆಯ ಅಜ್ಜಿಯ ಮಾತಲ್ಲೂ ಒಂದೆರಡು.
ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಎಣ್ಣೆ ಹನಿಸಿ, ಫ್ಲಾಸ್ಕು ಬಿಚ್ಚಿ ಕಾಫಿ ಕುಡಿದಳು.
ಗೊತ್ತಿಲ್ಲದ ಒಬ್ಬ ಮನುಷ್ಯ
ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ ಹಾಗಿತ್ತು,
ಅವಸರವಿಲ್ಲದೆ.
ಆಮೇಲೆ ಅದು ಒಮ್ಮೆ ಕಿರ್ ಎಂದು
ಒಪ್ಪಿಕೊಂಡಿತು.

ಕಳಚಿದ ಬೇಸಿಗೆ ಟೈರನ್ನು ಒಳಗಿಡುವ ಮುನ್ನ
ಅವಳೂ ಗೀಚಿದಳು: ಬಲ ಹಿಂದೆ.
ತುಸು ಯೋಚಿಸಿ, ಕೆಳಗೆ:
ಬೈದೆ. ಆಮೇಲೆ ಕಾದೆ.

ಬೆಳಗಿನ ಆರಕ್ಕೆ ಆಲ್ಪೊನ ಇನ್ಸುಲಿನ್.
ಮೂವತ್ತೆರಡು ಕಿಲೋಮೀಟರು, ಎರಡೂ ಕಡೆ ಪೈನು,
ತಿರುವಿನಲ್ಲಿ ಯಾವ ಹಿಮಸಾರಂಗ ನಿಂತಿದೆಯೋ.
ಹಿಮ ಇನ್ನೂ ಬಂದಿಲ್ಲ.
ಬರಿ ಡಾಂಬರಿನ ಮೇಲೆ ಮೊಳೆಗಳು,
ಹೇಳಿದ ಹೊತ್ತಿಗಿಂತ ಮುಂಚೆ ಬಂದ ನೆಂಟರು,
ಹೊಸಿಲಾಚೆ ನಿಂತು
ಸಣ್ಣಗೆ ಕೆಮ್ಮುತ್ತವೆ.